ಆಫ್ರಿಕಾದ ಅಜ್ಜಿಯ ಬಾಯಲ್ಲಿ ನನ್ನ ಬಂಗುಡೆ

ಸ್ವಲ್ಪ ದಿನ ನಾನು ಆಫ್ರಿಕಾದ ಮುದುಕಿಯಾಗಿದ್ದೆ. ದೊಡ್ಡ ಖರ್ಚೇನೂ ಆಗಲಿಲ್ಲ, ಸಿಂಗಪುರದಲ್ಲಿ ನಮ್ಮ ಮನೆಯಿರುವ ಟೋವಾ ಪಾಯೋದಿಂದ ಮಗಳ ಆಫೀಸಿರುವ ಬ್ಯೂನಾ ವಿಸ್ಟಾಕ್ಕೆ ಎಂಆರ್‌ಟಿ ರೈಲಿನ ಟಿಕೇಟು, ಅಷ್ಟೇ. ಈ ವಯಸ್ಸಿನಲ್ಲಿ ಹೊಸ ಕೆಲಸ ಸಿಗುವುದು ಅಪರೂಪ. ಸಿಕ್ಕಿದ್ದನ್ನು ಬೇಡ ಎನ್ನುವ ದೊಡ್ಡಸ್ತಿಕೆ ನನ್ನಲ್ಲಿಲ್ಲ.

ನನ್ನ ಮಗಳು ಶೈಲಾ ಕಂಪ್ಯೂಟರ್ ಆಟ ತಯಾರಿಸುವ ಕಂಪನಿಯಲ್ಲಿದ್ದಾಳೆ. ಆಡುವುದಕ್ಕಲ್ಲ, ಕಟ್ಟುವುದಕ್ಕೆ ಸಂಬಳ. ಉಡುಪಿ ಕಡೆಯ ನೆಂಟರಿಗೆ ಇದನ್ನು ವಿವರಿಸುವುದು ನನ್ನಿಂದಾಗದೆ ‘ಆಫೀಸು’ ಎಂದು ಮುಗಿಸುತ್ತೇನೆ. ಈ ಸಲ ಮೊದಲ ಬಾರಿಗೆ ಒಂದು ಇಡೀ ಆಟದ ಕಥೆ ಅವಳ ಕೈಗೆ ಬಂದಿತ್ತು. ಆಫ್ರಿಕಾದಲ್ಲಿ ಕಳೆದುಹೋದ ನಗಾರಿಯನ್ನು ಒಬ್ಬ ಹುಡುಗಿ ಹುಡುಕಿಕೊಂಡು ಹೋಗುತ್ತಾಳೆ. ದಾರಿಯಲ್ಲಿ ಹುಲ್ಲಿನ ಗುಡಿಸಲು, ಗುಡಿಸಲ ಮುಂದೆ ಬೆಂಕಿ, ಬೆಂಕಿಯ ಮುಂದೆ ಒಬ್ಬ ಮುದುಕಿ. ಅವಳು ಏನೋ ಹೇಳಬೇಕು, ಅದರ ಅರ್ಥ ಕೆಳಗೆ ಇಂಗ್ಲಿಷಿನಲ್ಲಿ ಮೂಡುತ್ತದೆ. ಮುದುಕಿಗೆ ದನಿ ಮಾತ್ರ ಸಿಕ್ಕಿರಲಿಲ್ಲ.

“ಅಮ್ಮಾ, ನೀನೇ ಬಾ. ತುಳುವಲ್ಲಿ ಏನಾದ್ರೂ ಮಾತಾಡು, ರೆಕಾರ್ಡ್ ಮಾಡ್ಕೋತೀವಿ.”

“ಆಫ್ರಿಕಾದವರು ತುಳು ಮಾತಾಡ್ತಾರಾ?”

“ಯಾರಿಗೆ ಗೊತ್ತಾಗತ್ತೆ? ಓಲ್ಡ್ ಆಗಿ ಸೌಂಡ್ ಆದ್ರೆ ಸಾಕು ಅಂದಿದಾರೆ ಬಾಸ್.”

ಅಷ್ಟು ಯೋಗ್ಯತೆ ನನಗಿತ್ತು. ಗಾಳಿಯೂ ಆಡದ ಒಂದು ಕೋಣೆಯಲ್ಲಿ ಕೂರಿಸಿ, ಕಿವಿಗೆ ಏನೋ ತೊಡಿಸಿ, ಮಾತಾಡಿ ಎಂದರು. ಮಾತಾಡಿ ಎಂದರೆ ಏನು ಮಾತಾಡುವುದು? ಬಾಯಿಗೆ ಬಂದದ್ದು ಬಂಗುಡೆ ಪುಳಿಮುಂಚಿ. ಮೀನು ಹೇಗೆ ತೊಳೆಯಬೇಕು, ಮೆಣಸು ಎಷ್ಟು ಹುರಿಯಬೇಕು ಎಂದೆಲ್ಲ ಹೇಳಿದೆ. ಹುಣಸೆಗೆ ಬದಲು ಟೊಮೆಟೊ ಹಾಕುವವರನ್ನು ಬೈದೆ. ಬೈಗುಳ ಬಹಳ ಚೆನ್ನಾಗಿ ಬಂತೆಂದು ಗಾಜಿನ ಆಚೆಯವರು ಹೆಬ್ಬೆರಳು ಎತ್ತಿ ತೋರಿಸಿದರು.

ಆಮೇಲೆ ನೋಡಿದರೆ ಪರದೆಯ ಮೇಲೆ ಬೆಂಕಿ ಉರಿಯುತ್ತಿದೆ, ಗುಡುಗು ಸಿಡಿಯುತ್ತಿದೆ, ಮುದುಕಿ ಕೈಯೆತ್ತಿ ‘ಕಿವಿರು ಮೊದಲು ತೆಗೆಯಬೇಕು’ ಎನ್ನುತ್ತಿದ್ದಾಳೆ. ಕೆಳಗಿನ ಇಂಗ್ಲಿಷಿನಲ್ಲಿ ‘ಪೂರ್ವಕ್ಕೆ ಹೋಗು ಮಗಳೇ, ಸಿಂಹದ ಗುಹೆಯಿದೆ’ ಎಂದಿತ್ತಂತೆ. ನನಗೆ ಹೆಮ್ಮೆಯೇ ಆಯಿತು. ನನ್ನ ಅಡುಗೆಯ ಮಾತನ್ನು ಮನೆಯಲ್ಲಿ ಯಾರೂ ಇಷ್ಟು ಭಕ್ತಿಯಿಂದ ಕೇಳಿದ್ದಿಲ್ಲ.

ಈಗ ಜುಹುರಾಳ ವಿಷಯ ಹೇಳಬೇಕು. ನಮ್ಮ ಕಾರಿಡಾರಿನ ಆ ತುದಿಯ ಮನೆಯವಳು, ಆಫ್ರಿಕಾದ ಮೊಂಬಾಸಾ ಬಂದರಿನ ಕಡೆಯವಳು. ಗಂಡನಿಗೆ ಹಡಗಿನ ಕಂಪನಿಯಲ್ಲಿ ಕೆಲಸ, ಇವಳು ಅಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ನಮ್ಮನ್ನು ಸೇರಿಸಿದ್ದು ಕಾಯಿ ತುರಿಯುವ ಹೆರೆಮಣೆ. ಪ್ಯಾಕೆಟ್ಟಿನ ತೆಂಗಿನ ಹಾಲನ್ನು ನಾನು ಆಹಾರವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾರ್ಕೆಟ್ಟಿನ ಮೆಷಿನ್ನಿನಲ್ಲಿ ತುರಿದರೆ ಕಾಯಿ ಬಿಸಿಯಾಗುತ್ತದೆ. ಹಾಗಾಗಿ ಊರಿನ ಹೆರೆಮಣೆಯನ್ನು ಸೀರೆಯಲ್ಲಿ ಸುತ್ತಿ ವಿಮಾನದಲ್ಲಿ ತಂದವಳು ನಾನು. ಸಿಂಗಪುರದಲ್ಲಿ ಇಂಥ ಹಟದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಲಿಫ್ಟಿನಿಂದ ಇಳಿದರೆ ಆ ತುದಿಯಿಂದ ಕರ್ರ್ ಕರ್ರ್ ಸದ್ದು. ಬಾಗಿಲು ತೆರೆದಿತ್ತು. ಜುಹುರಾ ಹೆರೆಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ಕರೆಯದೆಯೇ ಒಳಗೆ ಹೋದೆ. ಅವರಲ್ಲಿ ಅದನ್ನು ಆಡು ಎಂದು ಕರೆಯುತ್ತಾರಂತೆ. ನೋಡಿದರೆ ಹೌದು, ಕತ್ತು ಚಾಚಿದ ಆಡಿನ ಹಾಗೆಯೇ ಇದೆ. ಇಷ್ಟು ವರ್ಷ ಅದರ ಬೆನ್ನ ಮೇಲೆ ಕೂತರೂ ನನಗೆ ಹೊಳೆದಿರಲಿಲ್ಲ. ಅಂದಿನಿಂದ ನಾನು ಅವಳಿಗೆ ಬೀಬಿ, ಅಂದರೆ ಅಜ್ಜಿ. ಅವಳ ಇಂಗ್ಲಿಷು ಪೂರ್ತಿ, ನನ್ನದು ಚೂರು. ಉಳಿದದ್ದನ್ನು ಕೈ ಮಾತಾಡುತ್ತದೆ.

ನನ್ನ ದನಿಯ ಜಂಬ ಕೊಚ್ಚಿಕೊಳ್ಳಲು ಅವಳನ್ನು ನೀರುದೋಸೆಗೆ ಕರೆದೆ. ಶೈಲಾ ತಂದಿದ್ದ ಸಿಡಿಯನ್ನು ಮನೆಯ ಕಂಪ್ಯೂಟರಿಗೆ ಹಾಕಿದಳು. ಮುದುಕಿ ಕೈಯೆತ್ತಿದಳು, ಕಿವಿರಿನ ಮಾತಾಡಿದಳು.

“ಇದು ಯಾವ ಭಾಷೆ, ಬೀಬಿ?”

“ನನ್ನದೇ. ಮೀನು ತೊಳೀತಿದ್ದೇನೆ.”

ಜುಹುರಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಷ್ಟರಲ್ಲಿ ಸಿಂಹ ಬಂತು. “ಸಿಂಹವನ್ನು ನಾನು ಮೊದಲು ನೋಡಿದ್ದು ಸಿಂಗಪುರದ ಝೂನಲ್ಲಿ,” ಎಂದಳು. ಆಮೇಲೆ ನಗು ನಿಲ್ಲಿಸಿ, “ಇದರಲ್ಲಿ ನನ್ನ ಅಜ್ಜಿ ಎಲ್ಲಿದ್ದಾಳೆ?” ಎಂದು ಕೇಳಿದಳು. ನಾನು ಇನ್ನೊಂದು ದೋಸೆ ಬಡಿಸಿದೆ.

ಇಂಥ ಆಟದಲ್ಲಿ ನಾನು ನಮ್ಮ ದೇಶವನ್ನೂ ನೋಡಿದ್ದೇನೆ. ಆನೆ, ಹಾವು, ಅರಮನೆ, ಯಾರದ್ದೂ ಅಲ್ಲದ ಭಾಷೆಯಾಡುವ ಒಬ್ಬ ಪೇಟದವನು. ಪಾಪ, ಅವರ ಹೊಟ್ಟೆಪಾಡು ಎಂದು ನಕ್ಕು ಬಿಟ್ಟಿದ್ದೆ. ನಗುವುದು ನನಗೆ ಸುಲಭ. ಇಲ್ಲಿ ಯಾವ ಮಗುವಾದರೂ ಲಿಟಲ್ ಇಂಡಿಯಾದಲ್ಲಿ ಒಂದು ಸುತ್ತು ಬಂದರೆ ಆ ಪೇಟದವನು ಸುಳ್ಳೆಂದು ಗೊತ್ತಾಗುತ್ತದೆ. ಜುಹುರಾಳ ಊರಿನ ಬಗ್ಗೆ ಹೇಳಲು ಈ ಬ್ಲಾಕಿನಲ್ಲಿ ಅವಳೊಬ್ಬಳೇ. ಅವಳ ಅಜ್ಜಿಯ ಜಾಗದಲ್ಲಿ ನಾನು ಹೋಗಿ ಕೂತು ಮೀನು ತೊಳೆಯುತ್ತಿದ್ದೆ.

“ನನ್ನ ದನಿ ತೆಗಿ,” ಎಂದೆ ಶೈಲಾಗೆ.

“ಅಮ್ಮಾ, ಎಲ್ಲಾ ರೆಡಿ ಆಗಿದೆ. ಈಗ ಚೇಂಜ್ ಅಂದ್ರೆ ಬಾಸ್ ಇನ್ನೊಂದು ಗೇಮ್ ನನ್ನ ಕೈಗೆ ಕೊಡಲ್ಲ.”

“ಕೊಡದಿದ್ರೆ ಬೇಡ. ಮೊದಲನೆಯದ್ದು ನೆಟ್ಟಗಿರಲಿ.”

ಮಗಳು ಮುಖ ಊದಿಸಿಕೊಂಡು ಮಲಗಿದಳು. ಆದರೆ ಮಾರನೆಯ ದಿನ ತಾನಾಗಿಯೇ ಟೇಪ್ ರೆಕಾರ್ಡರ್ ಹಿಡಿದು ಆ ತುದಿಯ ಮನೆಗೆ ಹೊರಟಳು. ನಾನೂ ಹಿಂದೆಯೇ ಹೋದೆ.

ಜುಹುರಾ ಕಾಯಿ ತುರಿಯುತ್ತಿದ್ದಳು. ನಿಮ್ಮಜ್ಜಿ ಹೇಳುತ್ತಿದ್ದ ಕಥೆ ಹೇಳಿ ಎಂದು ಶೈಲಾ ಕೇಳಿದ್ದಕ್ಕೆ ಕೈ ನಿಲ್ಲಿಸಿ, “ಪಾಉಕ್ವಾ,” ಎಂದಳು. ಅಷ್ಟೇ. ಶೈಲಾ ರೆಕಾರ್ಡರ್ ನೋಡಿದಳು, ಅದು ತಿರುಗುತ್ತಿತ್ತು. ಜುಹುರಾ ಮತ್ತೆ ತುರಿಯಲು ಶುರುಮಾಡಿದಳು.

“ಆಂಟಿ, ಸ್ಟೋರಿ?”

“ಕಥೆಗೆ ಮೊದಲು ನಾನು ‘ಪಾಉಕ್ವಾ’ ಅಂದರೆ ನೀನು ‘ಪಾಕಾವಾ’ ಅನ್ನಬೇಕು. ಕೇಳುವವರು ಇದ್ದಾರೋ ಇಲ್ಲವೋ ತಿಳಿಯದೆ ಯಾರಿಗೆ ಹೇಳಲಿ?”

ಇದು ನನಗೆ ತಕ್ಷಣ ಅರ್ಥವಾಯಿತು. ನಮ್ಮಲ್ಲಿಯೂ ಕಥೆಗೆ ಹೂಂಗುಟ್ಟುವವರು ಬೇಕು. ಹೂಂ ನಿಂತಿತೆಂದರೆ ಮಗು ಮಲಗಿತು, ಕಥೆ ಮುಗಿಯಿತು. ಹೇಳುವವರಿಗೇ ಸಿಗುತ್ತದೆ ಹೊಗಳಿಕೆಯೆಲ್ಲ, ಹೂಂ ಎಂದವರನ್ನು ಯಾರು ಕೇಳುತ್ತಾರೆ? ಶೈಲಾ “ಪಾಕಾವಾ” ಎಂದಳು, ಕಥೆ ಬಂತು. ಮುಗಿದ ಮೇಲೆ, “ಅಮ್ಮಾ, ಹೀಗೆ ‘ಪಾಕಾವಾ’ ಅನ್ನೋವರೆಗೂ ಕಾಯೋದೇ ಗೇಮಲ್ಲಿ ಬರ್ಬೇಕು,” ಎಂದಳು. ಹಿಂದಿನ ರಾತ್ರಿ ಊದಿದ್ದ ಅವಳ ಮುಖ ಆಗ ಸರಿಹೋಯಿತು.

ಬೆಂಕಿ, ಗುಡಿಸಲು ಹೋದವು. ಕಡಲು, ಕಲ್ಲಿನ ಮನೆ, ಕೆತ್ತನೆಯ ಬಾಗಿಲು, ಬಾಗಿಲಲ್ಲಿ ಹೆರೆಮಣೆ ಬಂದವು. ಆಫ್ರಿಕಾ ಎಂದಿದ್ದದ್ದು ಮೊಂಬಾಸಾ ಆಯಿತು, ನನ್ನ ತುಳು ಹೋಗಿ ಜುಹುರಾಳ ದನಿಯಲ್ಲಿ ಸ್ವಾಹಿಲಿ ಬಂತು. ಸಿಂಹ ಉಳಿಯಿತು. ಅದಕ್ಕೆ ಆಗಲೇ ಬಣ್ಣ ಹಚ್ಚಿ ಆಗಿತ್ತು. ಇರಲಿ, ಅಜ್ಜಿಯ ಕಥೆಯಲ್ಲಿ ಅದು ಮೊಲದ ಕೈಲಿ ಮೋಸಹೋಗಲಿ ಎಂದು ಜುಹುರಾ ಅಪ್ಪಣೆ ಕೊಟ್ಟಳು.

ಬಾಸ್ ನೋಡುವ ದಿನ ಮಗಳು ಊಟದ ಡಬ್ಬಿ ಮರೆತಳೆಂದು ನೆಪ ಮಾಡಿ ನಾನೂ ಆಫೀಸಿಗೆ ಹೋದೆ. ಪರದೆಯಲ್ಲಿ ಅಜ್ಜಿ “ಪಾಉಕ್ವಾ” ಎಂದಳು. ಬಾಸ್ ಕೈಕಟ್ಟಿ ಕಾದ. ಅಜ್ಜಿ ಕಾಯಿ ತುರಿಯತೊಡಗಿದಳು. ಕರ್ರ್, ಕರ್ರ್.

“ವೈ ಶೀ ನೆವರ್ ಟಾಕ್?”

“ನೀವು ಆನ್ಸರ್ ಮಾಡ್ಬೇಕು, ಬಾಸ್,” ಎಂದು ಶೈಲಾ ಇಂಗ್ಲಿಷಿನಲ್ಲಿ ಹೇಳಿದಳು.

“ಸ್ಕಿಪ್ ಬಟನ್ ಎಲ್ಲಿ?”

“ಇಲ್ಲ.”

“ಬೋರಿಂಗ್ ಲಾ.”

ಶೈಲಾ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಳು. ಅಜ್ಜಿಗೆ ಅವಸರವಿರಲಿಲ್ಲ, ಅವಳ ಕಾಯಿ ಮುಗಿಯುವಂಥದ್ದಲ್ಲ. ಕೊನೆಗೆ ಬಾಸ್ ಕಟ್ಟಿದ ಕೈ ಬಿಡಿಸಿ ಒಂದು ಬೆರಳಿನಿಂದ ‘ಪಾಕಾವಾ’ ಎನ್ನುವ ಕೀ ಒತ್ತಿದ. ಅಜ್ಜಿ ಕಾಯಿ ಬದಿಗಿಟ್ಟಳು, ಅವನನ್ನು ನೇರ ನೋಡಿದಳು, ಕಥೆ ಶುರುಮಾಡಿದಳು. ನಡುವೆ ಅವಳು ಮತ್ತೆ ನಿಂತಳು, ಅವನು ಮತ್ತೆ ಒತ್ತಿದ. ಹೇಳಿಸಿಕೊಳ್ಳದೆ ಒತ್ತಿದ. ಮುಗಿದ ಮೇಲೆ ಕನ್ನಡಕ ಒರೆಸುತ್ತ ಶೈಲಾಳನ್ನು ಕೇಳಿದ, “ನೆಕ್ಸ್ಟ್ ಗೇಮ್, ಯಾವ ಊರು?”

ಯಾವ ಖಂಡ ಎನ್ನಲಿಲ್ಲ, ಊರು ಎಂದ. ಡಬ್ಬಿಯಲ್ಲಿದ್ದ ಬಂಗುಡೆ ಅವನಿಗೂ ಸಿಕ್ಕಿತು.

ನನ್ನ ದನಿಯ ಹಳೆಯ ಸಿಡಿ ಈಗ ಕಪಾಟಿನಲ್ಲಿದೆ. ಬೇಸರವಿಲ್ಲ. ಅಜ್ಜಿಯಿಂದ ಒಂದು ವಿದ್ಯೆ ಕಲಿತೆನಲ್ಲ. ಮೊದಲೆಲ್ಲ ಶೈಲಾ ಪರದೆ ನೋಡುತ್ತಿರುವಾಗ ನನ್ನಷ್ಟಕ್ಕೆ ನಾನೇ ವಟಗುಟ್ಟುತ್ತಿದ್ದೆ. ಈಗ ಮಾತಿನ ಅರ್ಧದಲ್ಲಿ ನಿಲ್ಲಿಸಿ ಹೆರೆಮಣೆಯ ಮೇಲೆ ಕೂರುತ್ತೇನೆ. ಕರ್ರ್, ಕರ್ರ್. ಸ್ವಲ್ಪ ಹೊತ್ತಾಗುತ್ತದೆ. ಆಮೇಲೆ ಅವಳು ಕತ್ತು ತಿರುಗಿಸುತ್ತಾಳೆ.

“ಪಾಕಾವಾ, ಅಮ್ಮಾ.”

ನಾನು ಕಾಯಿ ಬದಿಗಿಡುತ್ತೇನೆ.