ನಮ್ಮತ್ತೆ ಹಾಡುವ ದಿನವೇ ರೇಡಿಯೋದ ಗಂಟಲು ಕಟ್ಟಿತು

ರೇಡಿಯೋ ಹಾಕಿದೆ. ವಾರ್ತೆ ಓದುವವರ ಬದಲು ಒಳಗಿಂದ ನೆಗಡಿಯಾದ ಎಮ್ಮೆ ಮಾತಾಡಿತು.

ಯಾವತ್ತಾದರೂ ಕೆಡಲಿ, ಅವತ್ತೇ ಕೆಡಬೇಕೇ... ಅವತ್ತು ಸಂಜೆ ಅದೇ ಡಬ್ಬಿಯಲ್ಲಿ ನಮ್ಮತ್ತೆ ಗಂಗವ್ವನವರ ಹಾಡು ಬರುವುದಿತ್ತು.

ಅರವತ್ತರ ದಶಕದ ಮಾತು. ಸಿಂದಗಿ ತಾಲೂಕಿನ ಕನ್ನೊಳ್ಳಿ. ನಾನು ಸೊಸೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ.

ನಮ್ಮ ಮನೆಯವರು ಶಾಲೆಯ ಮಾಸ್ತರು. ಇಡೀ ಓಣಿಗೆ ಇದ್ದ ಒಂದೇ ರೇಡಿಯೋ ನಮ್ಮದು. ಮನೆಗೆ ಕರೆಂಟ್ ಬಂದಿರಲಿಲ್ಲ, ಇಟ್ಟಂಗಿಗಿಂತ ದೊಡ್ಡ ಬ್ಯಾಟರಿಯ ಮೇಲೆ ನಡೆಯುತ್ತಿತ್ತು.

ದಸರೆಗೆ ಮೊದಲು ಮಾಸ್ತರು ತಾಯಿಯನ್ನು ಧಾರವಾಡಕ್ಕೆ ಕರೆದುಕೊಂಡು ಹೋಗಿ, ರೇಡಿಯೋದವರ ಮುಂದೆ ಬೀಸುವ ಕಲ್ಲಿನ ಪದ ಹಾಡಿಸಿಕೊಂಡು ಬಂದಿದ್ದರು. ಅವತ್ತಿನಿಂದ ನಮ್ಮ ಮಾವ ಹೆಂಡತಿಯ ಜೊತೆ ಮಾತು ಬಿಟ್ಟರು.

"ಮನ್ಯಾಗಿನ ಹೆಣ್ಮಗಳ ದನಿ ಚಾವಡ್ಯಾಗ ಕುಂತವರೆಲ್ಲ ಕೇಳಬೇಕೇನು?" ಅಂದದ್ದೇ ಕೊನೆ.

ಆಮೇಲೆ ಊಟದಲ್ಲೂ ಎಲ್ಲ ನನ್ನ ಮೂಲಕವೇ. "ಅಕೀಗಿ ಹೇಳವಾ, ಇನ್ನೊಂದ ಚೂರು ಪಲ್ಯ ಹಾಕಂತ." ಅಕೀ ಅಂದರೆ ಎದುರಿಗೇ ಕೂತು ರೊಟ್ಟಿ ಬಡಿಯುತ್ತಿದ್ದ ನಮ್ಮತ್ತೆ. ಹೊಸ ಸೊಸೆಗೆ ಸಿಕ್ಕ ಮೊದಲ ನೌಕರಿ ಅದು.

ಆಗ ಮನೆಯಲ್ಲಿ ಟೇಪು ಗೀಪು ಎಲ್ಲಿದ್ದವು? ಹಾಡು ಒಂದು ಸಲ ಬರುತ್ತದೆ, ಕೇಳಿದರೆ ಕೇಳಿದೆವು, ಇಲ್ಲದಿದ್ದರೆ ಗಾಳಿಗೆ ಹೋಯಿತು. ಅತ್ತೆ ಧಾರವಾಡದಲ್ಲಿ ಹಾಡಿ ಬಂದಿದ್ದರೇ ಹೊರತು ಕೇಳಿ ಬಂದಿರಲಿಲ್ಲ. ತಮ್ಮ ದನಿ ಹೇಗಿದೆ ಅಂತ ಅವರಿಗೆ ಗೊತ್ತಾಗಬೇಕಿದ್ದದ್ದು ಅವತ್ತು ಒಂದೇ ದಿನ.

ಮಾಸ್ತರು ರಿಪೇರಿಗೆ ಇಳಿದರು. ರೇಡಿಯೋದಲ್ಲಿ ಅವರಿಗೆ ಗೊತ್ತಿದ್ದದ್ದು ಹಚ್ಚುವುದು, ಆರಿಸುವುದು ಎರಡೇ. ಆದರೆ "ಗೊತ್ತಿಲ್ಲ" ಅನ್ನುವ ಮಾತು ಮಾಸ್ತರರ ನಾಲಿಗೆಗೆ ಎಲ್ಲಿ ಹತ್ತಬೇಕು?

ಮೊದಲು ಬ್ಯಾಟರಿ ಸತ್ತಿದೆ ಅಂದರು. ಪಕ್ಕದ ಕಿರಾಣಿ ಅಂಗಡಿಯ ರಾಜೇಸಾಬ ಕಾಕಾ ಸಿಂದಗಿಯಿಂದ ತರಿಸಿಟ್ಟಿದ್ದ ಹೊಸದನ್ನು ತಂದುಕೊಟ್ಟರು. ಹೊಸ ಬ್ಯಾಟರಿ ಹಾಕಿದ ಮೇಲೆ ಎಮ್ಮೆ ಇನ್ನಷ್ಟು ಜೋರಾಗಿ ಒದರಿತು.

ಆಮೇಲೆ ಏರಿಯಲ್. ಮಾಳಿಗೆ ಹತ್ತಿ ತಂತಿಯನ್ನು ಕಂಡ ಕಂಡ ದಿಕ್ಕಿಗೆ ಜಗ್ಗಿದರು. ಕೆಳಗೆ ನಿಂತು ನಾನು "ಇಲ್ರೀ..." "ಇನ್ನೂ ಇಲ್ರೀ..." ಅಂತ ಕೂಗಿ ಕೂಗಿ, ಕಡೆಗೆ ನನ್ನ ದನಿಯೂ ರೇಡಿಯೋದ ಹಾಗೇ ಆಯಿತು.

ಇನ್ನು ಉಳಿದದ್ದು ರೇಡಿಯೋದಿಂದ ನೆಲಕ್ಕೆ ಇಳಿಸಿದ ಅರ್ಥಿಂಗ್ ತಂತಿ. ಅದನ್ನು ಹಿತ್ತಿಲಲ್ಲಿ ಹುಗಿದಿದ್ದರು, ದನಿ ನೆಟ್ಟಗೆ ಬರಬೇಕಾದರೆ ಅಲ್ಲಿ ಮಣ್ಣು ಹಸಿಯಾಗಿರಬೇಕು. ಹೋಗಿ ನೋಡಿದರೆ ನಮ್ಮ ಮಾವ ಅದರ ಬುಡಕ್ಕೆ ಕೊಡದ ಮೇಲೆ ಕೊಡ ನೀರು ಸುರಿಯುತ್ತಿದ್ದಾರೆ!

ಖರೆ ಹೇಳುತ್ತೇನೆ, ಅಲ್ಲಿಯವರೆಗೂ ಸಿಟ್ಟಿಗೆ ರೇಡಿಯೋ ಕೆಡಿಸಿದವರು ಇವರೇ ಅಂತ ನಾನು ತಿಳಿದಿದ್ದೆ.

ನನ್ನ ನೋಡಿದ್ದೇ, "ಬಾಳಿ ಗಿಡಕ್ಕ ನೀರ ಹಾಕಾಕತ್ತೇನಿ" ಅಂದರು.

ನಮ್ಮ ಹಿತ್ತಿಲಲ್ಲಿ ಬಾಳೆಗಿಡವೇ ಇರಲಿಲ್ಲ.

ಹೊತ್ತು ಇಳಿಯಿತು. ಓಣಿಯ ಹೆಣ್ಣುಮಕ್ಕಳೆಲ್ಲ ಬಂದು ಕೂತರು. ಅತ್ತೆ ಇಳಕಲ್ ಸೀರೆ ಉಟ್ಟು, "ಹೋಗ್ಲಿ ಬಿಡ್ರವಾ, ನಂದೇನ್ ದೊಡ್ಡ ಹಾಡು" ಅನ್ನುತ್ತಾ ಸೆರಗಿನ ತುದಿ ಹಿಂಡುತ್ತಿದ್ದರು.

ಜನಕ್ಕೆ ಜಾಗ ಮಾಡೋಣ ಅಂತ ರೇಡಿಯೋ ಎತ್ತಿ ಓರೆ ಮಾಡಿದೆ. ಒಳಗೆ ಸರಸರ ಸದ್ದು.

"ಇಲಿ ಹೊಕ್ಕೈತ್ರಿ" ಅಂದೆ ನಾನು. "ವಾಲ್ವ್ ಸಡ್ಲ ಆಗೈತಿ" ಅಂದರು ಮಾಸ್ತರು. ರಾಜೇಸಾಬ ಕಾಕಾ ಇಬ್ಬರನ್ನೂ ಸರಿಸಿ, ಬ್ಯಾಟರಿಯ ವೈರ್ ಕಿತ್ತು ಹಿಂದಿನ ರಟ್ಟು ಬಿಚ್ಚಿದರು.

ಒಳಗೆ ಬನ್ನಿ ಎಲೆ... ಬೊಗಸೆ ತುಂಬ! ಒಣಗಿ ಗರಿಗರಿಯಾಗಿ, ಸ್ಪೀಕರಿನ ಕಾಗದದ ಬೆನ್ನಿಗೆ ತಾಗಿಕೊಂಡು ಕೂತಿವೆ. ದನಿ ಬಂದಾಗಲೆಲ್ಲ ಕಾಗದ ಅದುರಬೇಕು, ಇವೂ ಅದರ ಜೊತೆ ಕುಣಿಯಬೇಕು.

ನಮ್ಮ ಕಡೆ ದಸರೆಗೆ ಬನ್ನಿ ಎಲೆಯನ್ನು ಬಂಗಾರ ಅಂತ ಹಿರಿಯರ ಕೈಗೆ ಕೊಟ್ಟು ಕಾಲಿಗೆ ಬೀಳುವುದು ಪದ್ಧತಿ. ಆ ವರ್ಷ ಓಣಿಯವರೆಲ್ಲ ನಮ್ಮತ್ತೆಗೆ ಬಂಗಾರ ಕೊಟ್ಟು, ಅವರ ಹಾಡು ಬರುವ ರೇಡಿಯೋದ ತಲೆ ಮೇಲೂ ಇಷ್ಟಿಷ್ಟು ಇಟ್ಟು ಕೈಮುಗಿದು ಹೋಗಿದ್ದರು. ಅದನ್ನೆಲ್ಲ ಬಳಿದು ಹಿಂದಿನ ಸೀಳಿನಲ್ಲಿ ತುರುಕಿದವರು ಸ್ವತಃ ನಮ್ಮ ಹಾಡುಗಾರ್ತಿ. ಹಸಿ ಇರುವಷ್ಟು ದಿನ ಎಲೆಗಳು ಸುಮ್ಮನಿದ್ದವು, ಒಣಗಿದ ಮೇಲೆ ತಮ್ಮ ಗುಣ ತೋರಿಸಿದವು.

"ಮತ್ತ ಬಂಗಾರ ತಿಪ್ಪಿಗಿ ಒಗೀಬೇಕಿತ್ತೇನು?" ಅತ್ತೆ ನಮ್ಮನ್ನೇ ಕೇಳಿದರು.

"ಅಕ್ಕಾ, ಬಂಗಾರ ನುಂಗಿದ್ರ ಗಂಟಲ ನೆಟ್ಟಗ ಇರ್ತೈತೇನು?" ಅಂದರು ಕಾಕಾ.

ಎಲೆ ಆರಿಸಿ ತೆಗೆದು, ರಟ್ಟು ಮುಚ್ಚಿ, ವೈರ್ ಸಿಕ್ಕಿಸಿದರೆ... ಹಾಡು ಆಗಲೇ ಶುರುವಾಗಿದೆ!

ಎಂಥ ದನಿ ಅಂತೀರಿ. ಒಂದು ಕರಕರ ಇಲ್ಲ. ಗದ್ದಲ ಮಾಡುತ್ತಿದ್ದ ಹೆಂಗಸರು ರೇಡಿಯೋದ ಹತ್ತಿರ ಸರಿದು ಕೂತರು. ನನಗಂತೂ ಕಣ್ಣು ತುಂಬಿ ಬಂತು. ಮಾವ ಹೊರಗೆ ಕಟ್ಟೆಯ ಮೇಲೆ, ನಮಗೆ ಬೆನ್ನು ತಿರುಗಿಸಿ ಕೂತಿದ್ದರು.

ಅತ್ತೆ ಮಾತ್ರ ಮುಖ ಗಂಟು ಹಾಕಿಕೊಂಡು ಮಗನಿಗೆ ಅಂದರು, "ಇನ್ನೂ ಕೆಟ್ಟೈತಿ ನೋಡೋ ತಮ್ಮಾ. ನನ್ನ ದನಿ ಹಿಂಗಿಲ್ಲ."

ಮಾಸ್ತರು ಮತ್ತೆ ಮಾಳಿಗೆ ಹತ್ತಲು ಎದ್ದರು. ನಿಮ್ಮದೇ ದನಿ ಅಂತ ನಾವೆಲ್ಲ ಎಷ್ಟು ಹೇಳಿದರೂ ಅತ್ತೆ ಒಪ್ಪಲೊಲ್ಲರು. ಅತ್ತ ಹಾಡು ಮುಗಿಯುತ್ತಾ ಬಂದಿದೆ.

ಆಗ ಕಟ್ಟೆಯ ಕಡೆಯಿಂದ ಮಾವನ ಮಾತು ಬಂತು. ನನ್ನ ಮೂಲಕ ಅಲ್ಲ, ನೇರ ಹೆಂಡತಿಗೆ.

"ನಿನ್ನ ದನಿ ಹಿಂಗ ಐತಿ. ಲಗ್ನ ಆದಾಗಿಂದ ದಿನಾ ನಸುಕಿನ್ಯಾಗ ಇದನ್ನ ಕೇಳಿಕೋತ ಎದ್ದೇನಿ. ಸುಮ್ನ ಕೇಳು."

ಅತ್ತೆ ಸುಮ್ಮನೆ ಕೇಳಿದರು.

ಈಗ ಎಲ್ಲರ ದನಿಯೂ ಮೊಬೈಲಿನಲ್ಲಿದೆ... ಮೊದಲ ಸಲ ಕೇಳಿ "ಇದು ನಾನಲ್ಲ" ಅಂದಾಗ, "ನೀನೇ" ಅಂತ ನಿಮಗೆ ಹೇಳಿದವರು ಯಾರು?