ಹುಸಿ ಅನ್ನಬೇಡಿ ಎಂದ ಡಾಕ್ಟರು

ಕಳೆದ ಮೇ 31ರ ಸಂಜೆ ಐದೂವರೆಗೆ ಡಾ. ಸುಬ್ಬಲಕ್ಷ್ಮಿ ಕೊಪ್ಪದ ಸರ್ಕಾರಿ ಆಸ್ಪತ್ರೆಯ ಸೇವೆಯಿಂದ ನಿವೃತ್ತರಾದರು. ಹೊರರೋಗಿಗಳ ಬೆಂಚಿನಲ್ಲಿ ಆಗಲೂ ಇಬ್ಬರು ಕುಳಿತಿದ್ದರು. ಅವರನ್ನು ನೋಡಿ ಕಳುಹಿಸಿದ ಮೇಲೆಯೇ ಹಾರಕ್ಕೆ ಕೊರಳೊಡ್ಡಿದರು.

ಅವರು ಹೃದಯದ ಶಸ್ತ್ರಚಿಕಿತ್ಸಕರಲ್ಲ, ಫಿಜಿಶಿಯನ್. ನರಸಿಂಹರಾಜಪುರ, ಶೃಂಗೇರಿ, ಕೊಪ್ಪ ಈ ಮೂರು ತಾಲ್ಲೂಕುಗಳನ್ನು ಬಿಟ್ಟು ಬೇರೆಲ್ಲೂ ಕೆಲಸ ಮಾಡಿದವರಲ್ಲ. ಆದರೂ ಎದೆಯೊಳಗಿನ ಮಹಾಪಧಮನಿಯ ಗಾಯವನ್ನು ಸ್ಕ್ಯಾನಿಗೆ ಮೊದಲೇ ಅನುಮಾನಿಸಬಲ್ಲ ವೈದ್ಯರು ಈ ಭಾಗದಲ್ಲಿ ಯಾರಿದ್ದಾರೆ ಎಂದು ಮಂಗಳೂರಿನ ಹೃದಯ ತಜ್ಞರನ್ನು ಕೇಳಿದರೆ, ಅವರು ಮೊದಲು ಹೇಳುವುದು ಇವರ ಹೆಸರನ್ನು. ವರದಿಗಾರನಾಗಿ ನಾನು ಅವರನ್ನು ಬಲ್ಲೆ. ಅಂಕಿ ಕೇಳಿದರೆ ಕೊಡುತ್ತಿದ್ದರು. ಖಚಿತವಿಲ್ಲದಿದ್ದರೆ ‘ಗೊತ್ತಿಲ್ಲ ಅಂತಲೇ ಬರೀರಿ’ ಎನ್ನುತ್ತಿದ್ದರು.

ನರಸಿಂಹರಾಜಪುರದಲ್ಲಿ ಸೇವೆಗೆ ಸೇರಿದ ಹೊಸತರಲ್ಲಿ ಮುತ್ತಿನಕೊಪ್ಪದ ಒಬ್ಬ ಲಾರಿ ಚಾಲಕ ಕೆಮ್ಮೆಂದು ಅವರ ಬಳಿ ಬಂದಿದ್ದ. ಹಿಂದೊಮ್ಮೆ ಅಪಘಾತದಲ್ಲಿ ಸ್ಟಿಯರಿಂಗ್ ಅವನ ಎದೆಗೆ ಬಡಿದಿತ್ತು. ಅದನ್ನು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಕೆಲವು ವಾರಗಳಲ್ಲಿ ಅವನು ರಕ್ತ ಕಾರಿ ತೀರಿಕೊಂಡ. ಮಹಾಪಧಮನಿ ಎಂದೋ ಹರಿದಿತ್ತೆಂಬುದು ಆಮೇಲೆ ತಿಳಿಯಿತು. ‘ಅವನ ಎರಡೂ ಕೈ ಹಿಡಿದು ನೋಡಿದ್ದರೆ ನಾಡಿಯ ವ್ಯತ್ಯಾಸ ಸಿಗುತ್ತಿತ್ತೇನೋ’ ಎಂದು ಅವರು ನನ್ನೆದುರು ಹೇಳಿದ್ದು ಒಂದೇ ಸಲ. ಆದರೆ ಆ ಸಾವಿನ ದಿನದಿಂದ ಯಾವ ರೋಗಿ ಬಂದರೂ ಎರಡೂ ಕೈಯ ನಾಡಿಯನ್ನು ಒಟ್ಟಿಗೆ ನೋಡುವುದು ಅವರ ಅಭ್ಯಾಸವಾಯಿತು. ಡಾಕ್ಟರು ಶೃಂಗೇರಿಗೆ ವರ್ಗವಾದ ಮೇಲೆ, ಅಲ್ಲಿಗೆ ತೋರಿಸಲು ಬರುತ್ತಿದ್ದ ಕಿಗ್ಗದ ಪುಟ್ಟಪ್ಪನವರು ಬೆಂಚಿನಲ್ಲಿ ಕುಳಿತು, “ಡಾಕ್ಟ್ರಮ್ಮ ಎರಡೂ ಕೈ ಹಿಡೀತಾರೆ ಮಾರಾಯ, ನಮ್ಮನೆಯೋಳು ಮದ್ವೆ ದಿನಾನೂ ಹಿಡಿದಿದ್ದು ಒಂದೇ” ಎಂದು ನಗಿಸುತ್ತಿದ್ದರು. ಅದೇ ಪುಟ್ಟಪ್ಪನವರಿಗೆ ಮಳೆಗಾಲದಲ್ಲಿ ರಸ್ತೆ ಕಡಿದು ಬರಲಾಗದಿದ್ದಾಗ, ಇವರು ಹಳ್ಳದ ಮೇಲಿನ ಮರದ ಸಂಕ ದಾಟಿ ನಡೆದುಹೋಗಿ ಮಾತ್ರೆ ಕೊಟ್ಟು ಬಂದಿದ್ದರು.

ಸೀತೂರಿನ ಸೀತಕ್ಕ ಕೊಪ್ಪಕ್ಕೆ ಬಂದದ್ದು ಎರಡು ವರ್ಷದ ಹಿಂದೆ, ಜನವರಿಯಲ್ಲಿ. ಮಂಗನ ಕಾಯಿಲೆಯ ಅಂಕಿಗಳಿಗಾಗಿ ನಾನೂ ಆಸ್ಪತ್ರೆಗೆ ಓಡಾಡುತ್ತಿದ್ದ ದಿನಗಳು ಅವು. ಈ ಮೂರು ತಾಲ್ಲೂಕಿನ ಮದುವೆ ಮನೆಗಳಲ್ಲಿ ಸೋಬಾನೆ ಎಂದರೆ ಸೀತಕ್ಕ. ಅವರು ಎತ್ತಿಕೊಟ್ಟ ಸಾಲನ್ನು ಉಳಿದ ಹೆಂಗಸರು ಹಿಡಿಯಬೇಕು. ನನ್ನ ಮದುವೆಯಲ್ಲೂ ಅವರೇ ಹಾಡಿದ್ದರು. ಆ ದನಿ ಕೆಲವು ತಿಂಗಳಿಂದ ಒಡೆದುಹೋಗಿತ್ತು. ಮೊಮ್ಮಗಳು ರಮ್ಯಳ ಮದುವೆ ಮುಂದಿನ ತಿಂಗಳಿತ್ತು. ಅಷ್ಟರಲ್ಲಿ ಗಂಟಲು ಸರಿಯಾಗಲಿ ಎಂದು ಕಾಳುಮೆಣಸಿನ ಕಷಾಯ ಕುಡಿದು ಸೋತು, ಕೆಮ್ಮಿನ ಔಷಧಿ ಕೇಳಲು ಬಂದಿದ್ದರು.

ಡಾಕ್ಟರು ಎರಡೂ ಕೈ ಹಿಡಿದರು. ಎಡಗೈಯ ನಾಡಿ ಸಣ್ಣದಿತ್ತು. ಎಂದಾದರೂ ಎದೆಗೆ ಪೆಟ್ಟು ಬಿದ್ದಿತ್ತೇ ಎಂದು ಕೇಳಿದಾಗ, ವರ್ಷಗಳ ಹಿಂದೆ ದಿಬ್ಬಣದ ಜೀಪು ಮಗುಚಿದ ಸಂಗತಿ ಹೊರಬಂತು. ಎಕ್ಸ್‌ರೇಯಲ್ಲಿ ಮಹಾಪಧಮನಿಯ ತಿರುವಿನ ಪಕ್ಕ ದುಂಡನೆಯ ನೆರಳು ಕಂಡಿತು. ದನಿಪೆಟ್ಟಿಗೆಗೆ ಹೋಗುವ ನರ ಅಲ್ಲಿಯೇ ಸುತ್ತಿಕೊಂಡು ಮೇಲೇರುತ್ತದೆ. ಉಬ್ಬು ಅದನ್ನು ಒತ್ತಿದರೆ ದನಿ ಒಡೆಯುತ್ತದೆ. ಶಿವಮೊಗ್ಗದಲ್ಲಿ ಸಿ.ಟಿ. ಆಂಜಿಯೋಗ್ರಾಂ ಮಾಡಿಸಿಕೊಂಡು ಬರುವಂತೆ ಬರೆದುಕೊಟ್ಟರು. ವರದಿಯಲ್ಲಿ ಬಂದ ಹೆಸರು ‘ಸ್ಯೂಡೋ ಅನ್ಯೂರಿಸಂ’. ಅನ್ಯೂರಿಸಂ ಎಂದರೆ ರಕ್ತನಾಳದ ಉಬ್ಬು, ಗಂಟು.

ವರದಿಯನ್ನು ಒಳಗೆ ಕೊಟ್ಟು ಕಾಯುತ್ತಿದ್ದಾಗ ಸೀತಕ್ಕನ ಮಗ ಯಶವಂತ ಮೊಬೈಲಿನಲ್ಲಿ ಮೊದಲ ಪದದ ಅರ್ಥ ಹುಡುಕಿದರು. ಹುಸಿ, ಸುಳ್ಳು ಎಂದಿತ್ತು. ಡಾಕ್ಟರು ಮಂಗಳೂರಿಗೆ ಫೋನು ಮಾಡಿ ಹೊರಗೆ ಬರುವಷ್ಟರಲ್ಲಿ ಬೆಂಚು ಖಾಲಿ. ಅವರು ಸ್ಟೆತಸ್ಕೋಪ್ ಕೊರಳಲ್ಲಿರುವಂತೆಯೇ ಬಸ್ ನಿಲ್ದಾಣಕ್ಕೆ ನಡೆದರು. ಜೊತೆಗೆ ನಾನೂ ಹೋದೆ. ಸೀತಕ್ಕ ನರಸಿಂಹರಾಜಪುರದ ಬಸ್ಸಿನ ಕಿಟಕಿಯ ಪಕ್ಕ ಕುಳಿತಿದ್ದರು.

“ಎಂತ ಸೀತಕ್ಕ, ಹೇಳದೆ ಹೊರಟ್ರಾ?”

“ಸುಳ್ಳು ಗಂಟಂತೆ ಡಾಕ್ಟ್ರಮ್ಮ, ಯಶವಂತ ನೋಡಿದ,” ಎಂದರು ಸೀತಕ್ಕ ಒಡೆದ ದನಿಯಲ್ಲಿ. “ಬಸುರಿಯರ ಹುಸಿನೋವು ಎಷ್ಟು ನೋಡಿಲ್ಲ ನಾನು! ತಾನೇ ಬರುತ್ತೆ, ತಾನೇ ಹೋಗುತ್ತೆ. ರಮ್ಯನ ಧಾರೆ ಮುಗಿಸಿ ಬರ್ತೀನಿ.”

“ಹುಸಿನೋವು ತಾನೇ ಹೋಗುತ್ತೆ. ಇದು ಹೋಗುವಾಗ ನಿಮ್ಮನ್ನೂ ಕರ್ಕೊಂಡು ಹೋಗುತ್ತೆ.”

ಕಂಡಕ್ಟರ್ ಮಂಜಯ್ಯನಿಗೆ ತಡೆಯಲಾಗಲಿಲ್ಲ. “ಅಮ್ಮಾ, ಇವರನ್ನ ಇಳಿಸ್ಲಾ, ರೈಟ್ ಹೇಳ್ಲಾ? ಹಿಂದಿನ ಬಸ್ಸಿನವನು ಹಾರ್ನ್ ಹೊಡ್ದು ಹೊಡ್ದು ನನ್ನ ಕಿವಿ ತಿಂದ ಮಾರಾಯ್ರೆ.”

“ಇಳಿಸು,” ಎಂದರು ಡಾಕ್ಟರು.

ನಿಲ್ದಾಣದ ಕಲ್ಲುಬೆಂಚಿನಲ್ಲಿ ಸೀತಕ್ಕನ ಪಕ್ಕ ಕುಳಿತು ಅವರು ವಿವರಿಸಿದ್ದನ್ನು ನಾನು ಆಗಲೇ ಬರೆದುಕೊಂಡೆ. ಪೈಪು ಹಳತಾಗಿ ತಾನೇ ಉಬ್ಬುವುದು ಒಂದು ಬಗೆ. ಪೈಪು ಒಡೆದಿದ್ದರೂ ಸುತ್ತಲಿನ ಮಣ್ಣು ನೀರನ್ನು ಹಿಡಿದು ನಿಲ್ಲಿಸಿರುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಕಾಣುವ ಉಬ್ಬು ಪೈಪಿನದಲ್ಲ, ಆದ್ದರಿಂದ ಹುಸಿ ಎಂಬ ಹೆಸರು. ಒಡಕು ಮಾತ್ರ ನಿಜ.

“ಮಣ್ಣು ಎಷ್ಟು ದಿನ ತಡೆಯುತ್ತೆ ಸೀತಕ್ಕ?”

“ಅಂದ್ರೆ ನಾನೀಗ ತೋಟದ ಪೈಪಾ?”

“ಪೈಪಾಗಿದ್ರೆ ನಾನೇ ಸೈಕಲ್ ಟ್ಯೂಬು ಸುತ್ತಿ ಕಟ್ತಿದ್ದೆ. ಮಂಗಳೂರಲ್ಲಿ ತೊಡೆಸಂದಿನ ರಕ್ತನಾಳದಿಂದ ಒಳಗೆ ಇನ್ನೊಂದು ಕೊಳವೆ ತೂರಿಸ್ತಾರೆ. ರಕ್ತ ಅದರೊಳಗೆ ಹರಿಯುತ್ತೆ, ಒಡಕಿಗೆ ತಾಗಲ್ಲ.”

ಸೀತಕ್ಕ ಕೇಳಿದರು. “ದನಿ ಬರುತ್ತಾ?”

“ಗೊತ್ತಿಲ್ಲ. ನರ ಬಹಳ ದಿನ ಒತ್ತಿಕೊಂಡಿದೆ. ಬರದೇ ಇರಬಹುದು.”

“ಬರುತ್ತೆ ಅನ್ನಿ ಮಾರಾಯ್ರೆ, ಸುಳ್ಳಾದ್ರೂ ಅಡ್ಡಿಲ್ಲ. ಅಷ್ಟು ಕೇಳಿದ್ರೆ ಹೊರಡ್ತೀನಿ.”

“ಇವತ್ತಿಗೆ ಒಂದು ಸುಳ್ಳು ಸಾಕು ಸೀತಕ್ಕ.”

ಸೀತಕ್ಕ ನಗಲಿಲ್ಲ. ಮಗನತ್ತ ತಿರುಗಿ ಚೀಲ ಕೊಡು ಎಂದರು. ಮಧ್ಯಾಹ್ನ ಆಂಬುಲೆನ್ಸ್ ಹೊರಟಿತು. ಘಾಟಿಯ ತಿರುವುಗಳಲ್ಲಿ ರಕ್ತದೊತ್ತಡ ಏರದಂತೆ ನೋಡಿಕೊಳ್ಳಲು ಡಾಕ್ಟರೂ ಜೊತೆಗಿದ್ದರು. ಮರುದಿನ ಬೆಳಿಗ್ಗೆ ಚಿಕಿತ್ಸೆಯಾಯಿತು. ಒಡಕಿನ ಹೊರಪದರ ಕಾಗದದಷ್ಟು ತೆಳುವಾಗಿತ್ತು, ಧಾರೆಯವರೆಗೆ ಉಳಿಯುತ್ತಿತ್ತೆಂದು ಹೇಳಲಾರೆ ಎಂದು ಅಲ್ಲಿನ ಶಸ್ತ್ರಚಿಕಿತ್ಸಕರು ನನಗೆ ಫೋನಿನಲ್ಲಿ ತಿಳಿಸಿದರು.

ಈ ಸುದ್ದಿಗೆ ನಾನು ಕೊಟ್ಟಿದ್ದ ತಲೆಬರಹದಲ್ಲಿ ‘ಹುಸಿ ಗಂಟು’ ಎಂದಿತ್ತು. ಡಾಕ್ಟರು ಒಪ್ಪಲಿಲ್ಲ. ಪಾರಿಭಾಷಿಕವಾಗಿ ಸರಿಯಿದೆಯಲ್ಲ ಎಂದೆ. “ಸರಿ ಇದೆ. ಆದರೆ ಹುಸಿ ಅಂದರೆ ನಮ್ಮವರು ಬಸ್ ಹತ್ತುತ್ತಾರೆ. ಒಡೆದಿದೆ ಅಂತ ಬರೀರಿ,” ಎಂದರು. ‘ಒಡೆದ ಮಹಾಪಧಮನಿ’ ಎಂದೇ ಅಚ್ಚಾಯಿತು. ಅಂದಿನಿಂದ ಆಶಾ ಕಾರ್ಯಕರ್ತೆಯರ ತರಬೇತಿಯಲ್ಲೂ ಅವರು ಬಳಸಿದ್ದು ಅದೇ ಮಾತು.

ರಮ್ಯಳ ಮದುವೆಯಲ್ಲಿ ಸೀತಕ್ಕ ಕುರ್ಚಿಯಲ್ಲಿ ಕುಳಿತಿದ್ದರು. ಬೇರೆಯವರು ಹಾಡಿದರು. ದನಿ ಮರಳಲಿಲ್ಲ.

ತಪಾಸಣೆಗೆ ಬಂದಾಗಲೆಲ್ಲ ಡಾಕ್ಟರು ಕೊನೆಗೆ ಕೇಳುತ್ತಿದ್ದದ್ದು ದನಿಯನ್ನೇ. ಸೀತಕ್ಕ ತಲೆಯಾಡಿಸುತ್ತಿದ್ದರು. ಅವರ ಹಾಡನ್ನು ಡಾಕ್ಟರು ಒಮ್ಮೆಯೂ ಕೇಳಿರಲಿಲ್ಲ. ಮದುವೆಯ ಕರೆ ಬಂದಾಗಲೆಲ್ಲ ಡ್ಯೂಟಿ ಇರುತ್ತಿತ್ತು. ಹಳೆಯ ಮದುವೆ ವಿಡಿಯೋಗಳನ್ನು ನಾನು ತರಿಸಿ ನೋಡಿದೆ. ಸೀತಕ್ಕನ ಬಾಯಿ ಆಡುವುದು ಕಾಣುತ್ತದೆ. ಸ್ಟುಡಿಯೋದವರು ಅದರ ಮೇಲೆ ಸಿನಿಮಾ ಹಾಡು ಕೂಡಿಸಿದ್ದಾರೆ. “ನೀವು ಕೇಳಿದ್ದೀರಲ್ಲ, ಹೇಗಿತ್ತು?” ಎಂದು ಡಾಕ್ಟರು ಒಮ್ಮೆ ಕೇಳಿದರು. ಯಾರ ಮನೆಯ ಅಂಗಳದಲ್ಲಿ ಕೇಳಿದರೂ ನಮ್ಮದೇ ಮನೆಯ ಮದುವೆ ಅನ್ನಿಸುತ್ತಿತ್ತು ಎಂದೆ. “ಅದು ನಿಮಗೆ ಆದದ್ದು. ದನಿ ಹೇಗಿತ್ತು?” ಎಂದರು. ನನಗೆ ಹೇಳಲು ಬರಲಿಲ್ಲ. ಈಗಲೂ ಬರುತ್ತಿಲ್ಲ.

ಡಾ. ಸುಬ್ಬಲಕ್ಷ್ಮಿಯವರಿಗೆ ಆಯುಸ್ಸೂ ಆರೋಗ್ಯವೂ ತುಂಬಿರಲಿ. ವಾರಕ್ಕೆ ಎರಡು ದಿನ ಶೃಂಗೇರಿಯಲ್ಲಿ ರೋಗಿಗಳನ್ನು ನೋಡುವುದಾಗಿ ಅವರು ಒಪ್ಪಿದ್ದಾರೆ. ಆ ಎರಡು ಮೂರಾಗಲಿ ಎಂಬುದು ನಮ್ಮೆಲ್ಲರ ಸ್ವಾರ್ಥದ ಹಾರೈಕೆ.

ಜೂನ್ ಮೊದಲ ವಾರ ಅವರು ಆ ಹಾಡಿಗಾಗಿಯೇ ಸೀತೂರಿಗೆ ಹೋದರು. ಸೀತಕ್ಕ ಧಾರೆಯ ಹಾಡನ್ನು ಮಾತಿನಂತೆ ಒಂದೊಂದೇ ಸಾಲಾಗಿ ಹೇಳಿದರು. ತವರಿಗೆ ಬಂದಿದ್ದ ರಮ್ಯ ರಾಗ ಹಿಡಿಯಲು ನೋಡಿದಳು. ಅದಲ್ಲ ಎಂದು ಸೀತಕ್ಕ ಕೈಯಾಡಿಸಿ, ಮೊದಲ ಸಾಲನ್ನು ಮತ್ತೆ ಹೇಳಿದರು.