ಡ್ರಮ್ಮಿನ ಮೇಲಿದ್ದ ತಗಡು

ಮಿಸ್ತ್ರಿ ಕಾಕಾ ಅವರ ಕುತ್ತಿಗೆಯ ಎಡಭಾಗದಲ್ಲಿ ಅಂಗೈ ಅಗಲದಷ್ಟು ಚರ್ಮ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು. ಬಾಯ್ಲರಿನ ಹಬೆ ಹೊಡೆದು ಸುಟ್ಟದ್ದು. ಸಿಟ್ಟು ಬಂದರೆ ಮುಖಕ್ಕಿಂತ ಮೊದಲು ಅದು ಕೆಂಪಾಗುತ್ತಿತ್ತು. ಕೆಂಪು ಕಂಡ ಕೂಡಲೇ ಮಿಲ್ಲಿನ ಆಳುಗಳು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಗಂಗಾವತಿಯ ನಮ್ಮ ಅಕ್ಕಿ ಮಿಲ್ಲಿನ ಯಂತ್ರಗಳೆಲ್ಲ ಅವರ ಕೈಯಲ್ಲಿದ್ದವು. ಮಿಲ್ಲು ನನ್ನ ಮಾವನವರದು, ಮನೆಯೂ ಅದೇ ಕಂಪೌಂಡಿನಲ್ಲಿ. ಕಾನ್ವೆಂಟಿನಲ್ಲಿ ಸಿಸ್ಟರುಗಳ ನಡುವೆ ಮೆಲ್ಲಗೆ ಮಾತಾಡಲು ಕಲಿತಿದ್ದ ನನಗೆ, ಮದುವೆಯಾಗಿ ಬಂದ ಹೊಸದರಲ್ಲಿ, ಕಿಟಕಿಯಿಂದ ಬರುವ ಕಾಕಾನ ಬೈಗುಳ ಕೇಳಿಯೇ ಕೈಯಲ್ಲಿನ ಪಾತ್ರೆ ಜಾರುತ್ತಿತ್ತು. ಆದರೆ ಹಿಂಬಾಗಿಲಿಗೆ ನೀರು ಕೇಳಲು ಬಂದಾಗ ಕಾಕಾ ಬೇರೆಯೇ ಮನುಷ್ಯ. ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟು, ಕೈಯ ಗ್ರೀಸನ್ನು ಜೇಬಿನ ಚಿಂದಿಗೆ ಒರೆಸಿಕೊಂಡು, "ಅಕ್ಕಾರ, ಒಂದ್ ತಂಬಿಗಿ ನೀರ್ ಕೊಡ್ರಿ" ಎನ್ನುತ್ತಿದ್ದರು. ಕುಡಿದ ಮೇಲೆ ತಾವೇ ತೊಳೆದು ಬೋರಲು ಹಾಕಿ ಹೋಗುತ್ತಿದ್ದರು.

ಒಮ್ಮೆ ಕೇಳಿಯೇ ಬಿಟ್ಟೆ. "ಕಾಕಾ, ಆಳುಗಳನ್ನ ಅಷ್ಟ್ಯಾಕ ಹೊಡೀತೀರಿ?"

"ನಾ ಹೊಡೀಲಿಲ್ಲಂದ್ರ ಸಾವ್ಕಾರ್ರು ನನಗ ಹೊಡೀತಾರ್ರಿ. ಈ ಮಿಲ್ಲಿನ್ಯಾಗ ಹಂಗ ಐತ್ರಿ," ಎಂದು ನಕ್ಕರು. ನಾನೂ ನಕ್ಕೆ.

ಮಿಲ್ಲಿಗೆ ಒಂದೇ ಕಟ್ಟಳೆ: ಮಾವನವರು ಹೇಳದೆ ಮಷೀನು ನಿಲ್ಲಬಾರದು. ಭತ್ತವನ್ನು ಮೇಲಕ್ಕೆ ಒಯ್ಯುವ ಎಲಿವೇಟರಿನ ಬುಡದಲ್ಲಿ ಆಗಾಗ ಹುಲ್ಲು, ಕಸ ಕಟ್ಟಿಕೊಳ್ಳುತ್ತದೆ. ಮಷೀನು ನಿಲ್ಲಿಸಿ, ಬುಡದ ತಗಡು ಬಿಚ್ಚಿ, ಕಸ ತೆಗೆದು, ಮತ್ತೆ ನಾಲ್ಕು ಬೋಲ್ಟು ಬಿಗಿಯಬೇಕು. ಸ್ವಿಚ್ಚಿನ ಹತ್ತಿರ ನಿಲ್ಲುವ ಬಸ್ಯಾ, ಎರಡು ಮಕ್ಕಳ ತಂದೆ, ಒಂದು ದಿನ ಹಾಗೆಯೇ ಮಾಡಿದ. ಸದ್ದು ನಿಂತದ್ದೇ ಮಾವ ಆಫೀಸಿನಿಂದ ಹೊರಬಂದು ಕಾಕಾನ ಮುಖ ನೋಡಿದರು. ಅಷ್ಟೇ. ಕಪಾಳಕ್ಕೆ ಬಿದ್ದ ಏಟಿನ ಶಬ್ದ ನನ್ನ ಕಿಟಕಿಯವರೆಗೆ ಬಂತು. ಎರಡನೆಯದಕ್ಕೆ ಬಸ್ಯಾನ ತುಟಿ ಒಡೆಯಿತು.

"ನಿಮ್ಮಪ್ಪನ ಮಿಲ್ಲೇನಲೇ ಇದು, ಬೇಕಾದಾಗ ಬಂದ್ ಮಾಡಾಕ?" ಎಂದು ಕಾಕಾ ಗದರಿದರು.

ಉಳಿದವರು ನಕ್ಕರು. "ಬ್ರೇಕ್ ಬಸ್ಯಾ" ಎಂಬ ಹೆಸರು ಅಂದೇ ಬಿತ್ತು.

ಆಮೇಲೆ ಯಾರೂ ನಿಲ್ಲಿಸಲಿಲ್ಲ. ಓಡುವ ಎಲಿವೇಟರಿಗೇ ಕೈಹಾಕಿ ಕಸ ಎಳೆಯುವುದು ರೂಢಿಯಾಯಿತು. ಬೇಗ ಎಳೆದವರಿಗೆ ಮಾವನವರಿಂದ ಶಾಭಾಷ್ ಸಿಗುತ್ತಿತ್ತು. ತಗಡು ಅಡ್ಡವಾಗುತ್ತದೆಂದು ಬಿಚ್ಚಿ ಗೋಡೆಗೆ ಒರಗಿಸಿದರು. ಅದನ್ನು ನನ್ನ ಗಂಡ ತಂದು ನಮ್ಮ ಹಿತ್ತಲ ನೀರಿನ ಡ್ರಮ್ಮಿಗೆ ಮುಚ್ಚಿದರು. ಅದರ ನಾಲ್ಕು ಮೂಲೆಯ ಬೋಲ್ಟಿನ ತೂತುಗಳಲ್ಲಿ ಸೊಳ್ಳೆ ನುಗ್ಗದಂತೆ ಹಳೆ ಬಟ್ಟೆ ಹೊಸೆದು ತುರುಕಿದವಳು ನಾನೇ.

ಮಿಲ್ಲಿನಲ್ಲಿ ಕಸಗುಡಿಸುವ ಹನುಮವ್ವನ ಕೈ ಹೋದದ್ದು ಬೆಳಗಿನ ಹತ್ತು ಗಂಟೆಗೆ. ನಾನು ಕಿಟಕಿಯ ಬಳಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದೆ. ಎದುರಿನ ಮಿಲ್ಲಿನ ಶಟರು ತೆರೆದಿತ್ತು. ಕಿರುಚಿದ್ದು ಕೇಳಿ ತಲೆಯೆತ್ತಿದರೆ, ಅವಳ ಬಲಗೈ ಮೊಣಕೈಯವರೆಗೆ ಎಲಿವೇಟರಿನ ಒಳಗಿತ್ತು. ಭತ್ತ ಎತ್ತುವ ಕಬ್ಬಿಣದ ಬಕೆಟ್ಟುಗಳು ಒಂದರ ಹಿಂದೊಂದು ಬಂದು ಎಲುಬಿಗೆ ಬಡಿಯುತ್ತಿದ್ದವು. ಪ್ರತಿ ಏಟಿಗೂ ಅವಳ ಮೈಯೆಲ್ಲ ಜಗ್ಗಿ ತಲೆ ಕಬ್ಬಿಣಕ್ಕೆ ಅಪ್ಪಳಿಸುತ್ತಿತ್ತು. ಸ್ವಿಚ್ಚು ಬಸ್ಯಾನಿಂದ ಒಂದು ಮಾರು ದೂರ. ಅವನು ಕೈ ಎತ್ತಿದ. ಎತ್ತಿದವನು ಹಾಗೆಯೇ ನಿಂತು ಆಫೀಸಿನ ಬಾಗಿಲ ಕಡೆ ನೋಡಿದ.

ಅಪ್ಪಣೆಗೆ ಕಾಯುತ್ತಿದ್ದ.

ಬಾಯ್ಲರಿನ ಕಡೆಯಿಂದ ಓಡಿಬಂದ ಕಾಕಾ ಅವನನ್ನು ನೂಕಿ ಸ್ವಿಚ್ಚು ಒತ್ತಿದರು. ಅಷ್ಟರಲ್ಲಿ ತೋಳು ಚರ್ಮದ ಒಂದು ಪಟ್ಟಿಯಲ್ಲಿ ತೂಗುತ್ತಿತ್ತು. ತಮ್ಮ ಅಂಗಿ ಹರಿದು ಕಟ್ಟಿ ಅವಳನ್ನು ಟೆಂಪೊ ಹತ್ತಿಸಿ ಕಳಿಸಿದವರೇ, ತಿರುಗಿ ಬಂದು ಬಸ್ಯಾನ ಕೊರಳಪಟ್ಟಿ ಹಿಡಿದು ಕೈ ಎತ್ತಿದರು. ಬಸ್ಯಾ ಕಣ್ಣು ಮುಚ್ಚಿಕೊಂಡು ಕೆನ್ನೆ ಒಡ್ಡಿದ. ರೂಢಿಯಾಗಿತ್ತಲ್ಲ. ಕಾಕಾ ಅವನನ್ನು ಬಿಟ್ಟು ಅದೇ ಕೈಯಿಂದ ತಮ್ಮ ಮುಖಕ್ಕೇ ಹೊಡೆದುಕೊಂಡರು. ಮೂಗಿನಿಂದ ರಕ್ತ ಇಳಿಯುವ ತನಕ ಹೊಡೆದುಕೊಂಡರು.

ಮೂರನೆಯ ದಿನ ಫ್ಯಾಕ್ಟರಿ ಇನ್‌ಸ್ಪೆಕ್ಟರು ಬರುವವರಿದ್ದರು. ಬೆಳಿಗ್ಗೆ ನನ್ನ ಗಂಡ ಹಿತ್ತಲಿಗೆ ಬಂದು, "ಆ ತಗಡ ಕೊಡು. ಹಸಿ ಐತಿ, ಒರಿಸಿ ಕೊಡು" ಎಂದರು. ಬಟ್ಟೆಯ ಬತ್ತಿಗಳನ್ನು ಒಂದೊಂದಾಗಿ ಕಿತ್ತು, ಒಣಬಟ್ಟೆಯಿಂದ ಒರೆಸಿ ಕೊಟ್ಟೆ. ಯಾಕೆಂದು ಕೇಳಲಿಲ್ಲ, ಗೊತ್ತಿತ್ತು. ಮೆಟ್ಟಿಲ ಕೆಳಗೆ ಕಾಕಾ ನೀರಿಗೆಂದು ಬಂದು ನಿಂತಿದ್ದರು. ಎಲ್ಲವನ್ನೂ ನೋಡಿದರು. ನೀರು ಕೇಳದೆ ಹೋದರು.

"ನೋಡ್ರಿ ಸಾಹೇಬ್ರ, ತಗಡ ಬಿಗದದ್ದ ಐತಿ. ಆಕೀನ ಬಿಚ್ಚಿ ಕೈ ಹಾಕ್ಯಾಳ," ಎಂದು ಮಾವ ಇನ್‌ಸ್ಪೆಕ್ಟರಿಗೆ ತೋರಿಸಿದರು. ಆಳುಗಳೆಲ್ಲ ಹೌದೆಂದು ತಲೆಯಾಡಿಸಿದರು. ಬಸ್ಯಾನೂ ಆಡಿಸಿದ. ಕಾಕಾನ ಕುತ್ತಿಗೆ ಕೆಂಪಾಗುವುದು ಅಡುಗೆಮನೆಯ ಬಾಗಿಲಲ್ಲಿ ನಿಂತ ನನಗೆ ಕಂಡಿತು.

"ಸುಳ್ಳರಿ ಸಾಹೇಬ್ರ. ಈ ತಗಡ ಇವತ್ತ ಮುಂಜಾನೆ ಹಾಕಿದ್ದು. ಬೋಲ್ಟ ಬಿಗದಾಂವ ನಾನ. ಮಷೀನ್ ಬಂದ್ ಮಾಡಿದ್ದಕ್ಕ ಈ ಬಸ್ಯಾಗ ಹೊಡದಾಂವನೂ ನಾನ. ನನ್ನ ಹೆಸರೂ ಬರಕೋರಿ."

ಮಾವ ಕೈಗೆ ಸಿಕ್ಕ, ಬೋಲ್ಟು ಬಿಗಿಯುವ ಪಾನಾ ಬೀಸಿ ಎಸೆದರು. ಆ ಕಬ್ಬಿಣ ಹುಬ್ಬಿಗೆ ಬಡಿದು ಕಾಕಾನ ಕಣ್ಣಿನೊಳಗೆ ರಕ್ತ ಇಳಿಯಿತು.

"ಲೇ, ಹಗಲೊತ್ತಿನ್ಯಾಗ ಕುಡದಿಯೇನು?"

"ಹಗಲೊತ್ತಿನ್ಯಾಗ ಕುಡಿಯಾಕ ನಾನೇನ್ ಸಾವ್ಕಾರ್ರೇನ್ರಿ?"

ಇನ್‌ಸ್ಪೆಕ್ಟರು ನಡುವೆ ಬಂದು, "ಇಷ್ಟ್ ದಿನ ತಗಡ ಎಲ್ಲಿತ್ತು ಹೇಳು" ಎಂದರು. ಕಾಕಾ ಒಂದು ಸಲ ನನ್ನ ಕಡೆ ನೋಡಿ ಕಣ್ಣು ಕೆಳಗಿಳಿಸಿದರು. "ಗೊತ್ತಿಲ್ರಿ." ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಇಡೀ ಮಿಲ್ಲಿನ ಮಾತಿನ ಎದುರು ಒಬ್ಬನ ಮಾತು. ಹನುಮವ್ವನ ತೋಳು ಹೋದದ್ದು ಹನುಮವ್ವನದೇ ತಪ್ಪು ಎಂದು ಬರೆದುಹೋಗುತ್ತಿತ್ತು.

ನಾನು ಬರಿಗಾಲಲ್ಲೇ ಅಂಗಳಕ್ಕೆ ಇಳಿದೆ. "ನಮ್ಮ ಡ್ರಮ್ಮಿನ ಮ್ಯಾಲಿತ್ರಿ. ಬರ್ರಿ, ಡ್ರಮ್ಮಿನ ಅಂಚಿಗೆ ಇನ್ನೂ ಅದರ ತುಕ್ಕು ಹತ್ತೇತಿ." ಒರೆಸಿ ಕೊಟ್ಟವಳು ಯಾರೆಂದು ಹೇಳಲಿಲ್ಲ.

ಮಧ್ಯಾಹ್ನ ನನ್ನ ಗಂಡ ಎಸೆದ ತಾಟು ನನ್ನ ಕಪಾಳಕ್ಕೆ ಬಡಿಯಿತು. ಜಾರಿಬಿದ್ದೆ ಎಂದು ದವಾಖಾನೆಯಲ್ಲಿ ಹೇಳು ಅಂದರು. ನಾನು ಹಾಗೆ ಹೇಳಲಿಲ್ಲ.

ಹನುಮವ್ವನ ಕೇಸು ಅವಳ ಪರವಾಗಿ ಆಯಿತು. ಕಾಕಾನ ಕೆಲಸ ಇನ್‌ಸ್ಪೆಕ್ಟರು ಬಂದ ದಿನವೇ ಹೋಗಿತ್ತು. ಅವರು ಕುಕನೂರಿನ ಸಣ್ಣದೊಂದು ಬೇಳೆ ಮಿಲ್ಲು ಸೇರಿದರು. ಅವರ ಹಿಂದೆಯೇ ಹೋದ ಬಸ್ಯಾ ಮುಂದೊಮ್ಮೆ ಸಿಕ್ಕಾಗ ಹೇಳಿದ: ಅಲ್ಲಿ ಹೊಸದಾಗಿ ಬಂದವರಿಗೆಲ್ಲ ಕಾಕಾ ಮೊದಲ ದಿನವೇ, ತುಂಬಿ ಓಡುವ ಮಷೀನನ್ನು ಒಮ್ಮೆ ಸುಮ್ಮನೆ ನಿಲ್ಲಿಸಲು ಹೇಳುತ್ತಿದ್ದರಂತೆ. "ಬಂದ್ ಮಾಡ್ರಿ. ಯಾಕಂತ ಯಾರೂ ಕೇಳಂಗಿಲ್ಲ. ಕೈಗೆ ರೂಢಿ ಆಗ್ಲಿ." ಯಾರ ಮೇಲೂ ಮತ್ತೆ ಕೈ ಎತ್ತಲಿಲ್ಲವಂತೆ.

ಹೋದ ವರ್ಷ ಕಾಕಾ ದಮ್ಮು ಹೆಚ್ಚಾಗಿ ತೀರಿಕೊಂಡರು. ಮಾತಾಡಿಸಲು ಮನೆಗೆ ಹೋದರೆ, ಅವರ ಹೆಂಡತಿಯ ಪಕ್ಕದಲ್ಲಿ ಹನುಮವ್ವ ಚಾಪೆಯ ಮೇಲೆ ಕುಳಿತಿದ್ದಳು. ಬಲಗಡೆಯ ಕುಪ್ಪಸದ ತೋಳನ್ನು ಮಡಚಿ ಹೊಲಿದುಕೊಂಡಿದ್ದಳು. ಹೊಲಿಗೆ ಬಹಳ ಸಣ್ಣದಾಗಿತ್ತು.

"ಹನುಮವ್ವಾ, ಅವತ್ತ ಆ ತಗಡ ಒರಿಸಿ ಕೊಟ್ಟಾಕಿ ನಾನು," ಎಂದೆ.

ಅವಳು ನನ್ನ ಕಡೆ ತಿರುಗಿದಳು. "ಇಷ್ಟ ವರ್ಷ ಬೇಕಾತೇನ್ರಿ ಅಕ್ಕಾರ, ಹೇಳಾಕ?"

ಕಾಕಾನ ಹೆಂಡತಿ ನಮ್ಮಿಬ್ಬರನ್ನೂ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು ಅಂದರು:

"ನಮ್ಮವರಿಗೆ ಗೊತ್ತಿತ್ತೇನ್ರಿ ಇದು? ನನ್ನ ಮುಂದ ಒಂದ್ ದಿನಾನೂ ಬಾಯಿ ಬಿಡಲಿಲ್ಲ ನೋಡ್ರಿ."